ಸ್ಥಳ, ಪ್ರದೇಶ, ಗಡಿ: ಮಾನವ ಭೂಗೋಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳು, ಶಿಕ್ಷಕರು, ನಕ್ಷೆ ಮತ್ತು ಜನಗಣತಿಯ ಅಂಕಿ ಹಿಡಿದು ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ವಾದಕ್ಕೆ ಎಡೆಯಾಗುವಂಥವು ಕೊನೆಗೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಪ್ರತಿ ಉತ್ತರವನ್ನೂ ತನ್ನಷ್ಟಕ್ಕೆ ತಾನೇ ಓದಿಕೊಳ್ಳುವಂತೆ ಬರೆದಿದೆ.

## ಮೊದಲ ಹೆಜ್ಜೆಗಳು

ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಸ್ಥಳ ಗೊತ್ತಾದ ಹಾಗಲ್ಲವೇ? ಅದರಾಚೆ ಓದುವುದೇನಿದೆ?

ಎಲ್ಲಿದೆ ಎಂಬುದಷ್ಟೇ ಗೊತ್ತಾಯಿತು. ಜಾನ್ ಆಗ್ನ್ಯೂ 1987ರಲ್ಲಿ ಸ್ಥಳವನ್ನು ಮೂರು ಅಂಶಗಳಾಗಿ ಬಿಡಿಸಿ ತೋರಿಸಿದರು. ಮೊದಲನೆಯದು ನೆಲೆ: ಭೂಮಿಯ ಮೇಲೆ ಎಲ್ಲಿದೆ, ಬೇರೆ ಊರುಗಳಿಗೆ ಎಷ್ಟು ದೂರ. ಎರಡನೆಯದು ಬದುಕಿನ ಆವರಣ: ಬೀದಿ, ಮನೆ, ಕೆಲಸದ ಜಾಗ, ಜನ ದಿನವೂ ಒಬ್ಬರಿಗೊಬ್ಬರು ಎದುರಾಗುವ ಏರ್ಪಾಟು. ಮೂರನೆಯದು ಸ್ಥಳಭಾವ: ಆ ಜಾಗದ ಬಗ್ಗೆ ಜನರಿಗಿರುವ ಅಂಟು, ನೆನಪು, ಕೆಲವೊಮ್ಮೆ ಭಯ.

ಆಸ್ಟ್ರೇಲಿಯಾದ ನಡುಭಾಗದಲ್ಲಿ ಉಲುರು ಎಂಬ 348 ಮೀಟರ್ ಎತ್ತರದ ಮರಳುಗಲ್ಲಿನ ಬಂಡೆಯಿದೆ. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ಅದಕ್ಕೆ ಏಯರ್ಸ್ ರಾಕ್ ಎಂದು ಹೆಸರಿಟ್ಟರು. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಅದು ಪವಿತ್ರ ತಾಣ. ಹೊರಗಿನಿಂದ ಬಂದ ಪ್ರವಾಸಿಗೆ ಹತ್ತಿ ಇಳಿಯುವ ಗುಡ್ಡ. 1985ರಲ್ಲಿ ಒಡೆತನ ಅನಂಗು ಜನರಿಗೆ ಮರಳಿತು. 2019ರ ಅಕ್ಟೋಬರ್ 26ರಿಂದ ಬಂಡೆ ಹತ್ತುವುದನ್ನು ನಿಲ್ಲಿಸಲಾಯಿತು. ಈ ಅವಧಿಯಲ್ಲಿ ಅಕ್ಷಾಂಶ ಕೂದಲೆಳೆಯಷ್ಟೂ ಕದಲಿಲ್ಲ. ಯಾರು ಕೊಟ್ಟ ಅರ್ಥಕ್ಕೆ ಕಾನೂನಿನ ಬಲ ಸಿಗುತ್ತದೆ ಎಂಬುದು ಮಾತ್ರ ತಲೆಕೆಳಗಾಯಿತು. ಮಾನವ ಭೂಗೋಳಶಾಸ್ತ್ರಕ್ಕೆ ಕೆಲಸವಿರುವುದು ಇಲ್ಲೇ.

ಖಾಲಿ ಜಾಗವೊಂದು ಯಾವಾಗ ‘ಸ್ಥಳ’ವಾಗುತ್ತದೆ?

ಜನ ಅಲ್ಲಿ ನಿಂತು, ಅದನ್ನು ಅರಿತು, ಅದಕ್ಕೊಂದು ಬೆಲೆ ಕಟ್ಟಿದಾಗ. ಈ ಮಾತನ್ನು ಗಟ್ಟಿಯಾಗಿ ಹೇಳಿದವರು ಯಿ-ಫು ತುವಾನ್, 1977ರಲ್ಲಿ. ಅವರ ಪ್ರಕಾರ ಚಲನೆಗೆ ತೆರೆದುಕೊಂಡಿರುವುದು ಬರೀ ಜಾಗ. ಆ ಚಲನೆಯಲ್ಲಿ ಬರುವ ತಂಗುದಾಣ ಸ್ಥಳ. ಗಾತ್ರ ಮುಖ್ಯವಲ್ಲ. ದಿನವೂ ಕೂರುವ ಕುರ್ಚಿಯೂ ಸ್ಥಳವಾದೀತು, ಇಡೀ ಭೂಮಿಯೂ ಆದೀತು.

ಇಷ್ಟಕ್ಕೇ ನಿಂತರೆ ಒಂದು ಅಪಾಯವಿದೆ. ಸ್ಥಳವೆಂದರೆ ಬರೀ ಪ್ರೀತಿ ಎಂದು ತಿಳಿದು ಅಧ್ಯಯನವೆಲ್ಲ ಹೊಗಳಿಕೆಯಾಗುತ್ತದೆ. ಒಂದೇ ಬೀದಿ ಒಬ್ಬರಿಗೆ ಆಪ್ತ, ಇನ್ನೊಬ್ಬರಿಗೆ ಕತ್ತಲಾದ ಮೇಲೆ ಕಾಲಿಡಲಾಗದ ಜಾಗ. ಎರಡೂ ಸ್ಥಳಾನುಭವವೇ, ಎರಡನ್ನೂ ದಾಖಲಿಸಬೇಕು.

ಊರನ್ನೇ ಎತ್ತಿ ಬೇರೆ ಕಡೆ ಇಟ್ಟರೆ ಅದು ಅದೇ ಸ್ಥಳವಾಗಿ ಉಳಿಯುತ್ತದೆಯೇ?

ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಪಟ್ಟಣದಲ್ಲಿ ನಡೆಯುತ್ತಿರುವುದು ಅದೇ. ಪಟ್ಟಣದ ಪಕ್ಕದ ಕಬ್ಬಿಣದ ಗಣಿ ಆಳಕ್ಕಿಳಿದಂತೆ ಮೇಲಿನ ನೆಲ ಕುಸಿಯತೊಡಗಿತು. ಪಟ್ಟಣದ ಕೇಂದ್ರವನ್ನೇ ಪೂರ್ವಕ್ಕೆ ಸಾಗಿಸುವ ತೀರ್ಮಾನವಾಯಿತು. 1912ರಲ್ಲಿ ಕಟ್ಟಿದ ಮರದ ಚರ್ಚನ್ನು 2025ರ ಆಗಸ್ಟ್‌ನಲ್ಲಿ ಎರಡು ದಿನಗಳ ಕಾಲ ಗಾಲಿಗಳ ಮೇಲೆ ಸುಮಾರು 5 ಕಿ.ಮೀ. ಉರುಳಿಸಿ ಹೊಸ ಜಾಗಕ್ಕೆ ಮುಟ್ಟಿಸಿದರು.

ಇಂಥಲ್ಲಿ ಮೂರು ವಿಷಯಗಳನ್ನು ಬಿಡಿಬಿಡಿಯಾಗಿ ನೋಡಿ. ಕಟ್ಟಡ ಉಳಿಯಿತೇ? ಕಟ್ಟಡಗಳ ನಡುವಿನ ನಡಿಗೆಯ ದೂರ, ಎದುರುಬದುರು, ನೆರೆಹೊರೆ ಉಳಿಯಿತೇ? ಹೆಸರು, ಆಡಳಿತ, ಉದ್ಯೋಗ ಉಳಿಯಿತೇ? ಸಾಮಾನ್ಯವಾಗಿ ಮೊದಲನೆಯದನ್ನೂ ಮೂರನೆಯದನ್ನೂ ಯೋಜನೆ ಕಾಪಾಡುತ್ತದೆ. ಕೈಜಾರುವುದು ಎರಡನೆಯದು. ಯಾವ ದಾಖಲೆಯಲ್ಲೂ ಬರೆದಿರದ ಅಕ್ಕಪಕ್ಕದ ಸಂಬಂಧಗಳಿಗೆ ಪರಿಹಾರದ ಪಟ್ಟಿಯಲ್ಲಿ ಅಂಕಣವೇ ಇರುವುದಿಲ್ಲ.

ಪ್ರದೇಶ ಅಂದರೆ ದೊಡ್ಡ ಸ್ಥಳ, ಅಷ್ಟೇನಾ?

ಅಲ್ಲ. ಪ್ರದೇಶವು ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ‘ಯಾವ ಭಾಗಗಳನ್ನು ಒಟ್ಟಿಗೆ ನೋಡಬೇಕು, ಯಾವ ಕಾರಣಕ್ಕೆ?’ ಎಂದು ಕೇಳಿಕೊಂಡಾಗ ಪ್ರದೇಶ ಹುಟ್ಟುತ್ತದೆ. ಕಾರಣ ಬದಲಾದರೆ ಗಡಿಯೂ ಬದಲಾಗುತ್ತದೆ. ಭಾಷೆಯ ನಕ್ಷೆ, ಬೆಳೆಯ ನಕ್ಷೆ, ಆಸ್ಪತ್ರೆಗೆ ಹೋಗುವವರ ನಕ್ಷೆ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಗೆರೆಗಳು ಕೂಡುವುದು ಅಪರೂಪ. ಕೂಡಿದರೆ ಅದೇ ಸಂಶೋಧನೆಗೆ ಒಳ್ಳೆಯ ವಿಷಯ: ಹಾಗೇಕೆ ಕೂಡಿದವು?

ಪಠ್ಯಪುಸ್ತಕದಲ್ಲಿ ಮೂರು ಬಗೆಯ ಪ್ರದೇಶ ಅಂತಾರೆ. ಗುರುತಿಸುವುದು ಹೇಗೆ?

ಒಂದು ಲಕ್ಷಣ ಎಲ್ಲ ಕಡೆ ಹರಡಿದ್ದರೆ ಏಕರೂಪ ಪ್ರದೇಶ: ಒಂದು ಭಾಷೆ, ಒಂದು ಬೆಳೆ, ಒಂದು ಕಾನೂನು. ಒಂದು ಕೇಂದ್ರ ಮತ್ತು ಅದರತ್ತ ಹರಿವು ಇದ್ದರೆ ಕಾರ್ಯಾತ್ಮಕ ಪ್ರದೇಶ: ಕೆಲಸಕ್ಕೆ ನಗರಕ್ಕೆ ಬರುವವರ ವಲಯ, ಬಂದರಿಗೆ ಸರಕು ಕಳಿಸುವ ಒಳನಾಡು. ಜನರ ಮಾತಿನಲ್ಲಿ, ಮನಸ್ಸಿನಲ್ಲಿ ಇರುವುದು ಗ್ರಹಿಕೆಯ ಪ್ರದೇಶ: ಅಮೆರಿಕದ ‘ಸನ್ ಬೆಲ್ಟ್’ (ಬಿಸಿಲಿನ ದಕ್ಷಿಣ ಪಟ್ಟಿ), ‘ರಸ್ಟ್ ಬೆಲ್ಟ್’ (ಹಳೆಯ ಕಾರ್ಖಾನೆಗಳ ಪಟ್ಟಿ) ಇಂಥವು.

ಪರೀಕ್ಷೆಗೆ ಒಂದು ಸರಳ ಉಪಾಯ. ಕೇಂದ್ರವನ್ನು ಅಳಿಸಿಬಿಟ್ಟರೆ ಪ್ರದೇಶವೂ ಹೋಗುತ್ತದೆಯೇ? ಹೋದರೆ ಕಾರ್ಯಾತ್ಮಕ. ಅಲ್ಲಿನವರನ್ನು ಕೇಳದೆ ಗಡಿ ಹೇಳಲಾಗುವುದಿಲ್ಲವೇ? ಹಾಗಾದರೆ ಗ್ರಹಿಕೆಯದು. ನಿಜ ಜೀವನದಲ್ಲಿ ಒಂದೇ ಪ್ರದೇಶ ಮೂರೂ ಆಗಿರಬಹುದು, ಅದು ತಪ್ಪಲ್ಲ.

## ಗಡಿ, ಹೆಸರು, ಗುರುತು

ಪ್ರದೇಶಗಳು ನಿಜವಾಗಿ ಇವೆಯೇ, ಇಲ್ಲ ನಾವು ಎಳೆದ ಗೆರೆಗಳೇ?

ಗೆರೆ ಎಳೆದವರು ಮನುಷ್ಯರೇ. ಆದರೆ ಎಳೆದ ಮೇಲೆ ಆ ಗೆರೆ ನಿಜವಾಗಿಯೇ ಕೆಲಸ ಮಾಡತೊಡಗುತ್ತದೆ. ಎರಡರಲ್ಲಿ ಒಂದನ್ನು ಮರೆತರೂ ವಿವರಣೆ ಕುಂಟುತ್ತದೆ.

ಫ್ರಾನ್ಸಿನ ಶಾಂಪೇನ್ ಇದಕ್ಕೆ ಸ್ಪಷ್ಟ ನಿದರ್ಶನ. ಆ ಹೆಸರಿನ ವೈನ್‌ಗೆ ಬೇಡಿಕೆ ಹೆಚ್ಚಿದಾಗ ಹೊರಗಿನ ದ್ರಾಕ್ಷಿ ತರಿಸಿ ಅದೇ ಹೆಸರಿನಲ್ಲಿ ಮಾರುವುದು ನಡೆಯಿತು. ಬೆಳೆಗಾರರ ಒತ್ತಾಯದಿಂದ ಸರ್ಕಾರ 1908ರ ಡಿಸೆಂಬರ್‌ನಲ್ಲಿ ಗಡಿ ಗುರುತಿಸಿತು: ಮಾರ್ನ್ ಜಿಲ್ಲೆ, ಜೊತೆಗೆ ಎಯ್ನ್ ಜಿಲ್ಲೆಯ ಒಂದು ಭಾಗ. ದಕ್ಷಿಣದ ಓಬ್ ಜಿಲ್ಲೆ ಹೊರಗುಳಿಯಿತು. ಆದರೆ ಓಬ್‌ನ ಮುಖ್ಯಪಟ್ಟಣ ತ್ರ್ವಾ ಹಳೆಯ ಶಾಂಪೇನ್ ಪ್ರಾಂತ್ಯದ ರಾಜಧಾನಿಯೇ ಆಗಿತ್ತು! ಚರಿತ್ರೆಯ ಶಾಂಪೇನ್ ಒಂದು, ಮಾರುಕಟ್ಟೆಯ ಶಾಂಪೇನ್ ಇನ್ನೊಂದು. 1911ರಲ್ಲಿ ದಂಗೆಗಳೆದ್ದವು: ಗಡಿ ಬಿಗಿಯಾಗಲಿ ಎಂದು ಮಾರ್ನ್‌ನವರು, ತಮ್ಮನ್ನೂ ಒಳಗೆ ಸೇರಿಸಿ ಎಂದು ಓಬ್‌ನವರು. ಸೈನ್ಯ ಬರಬೇಕಾಯಿತು. ಅದೇ ವರ್ಷ ಓಬ್‌ಗೆ ‘ಎರಡನೇ ವಲಯ’ ಎಂಬ ದರ್ಜೆ ಕೊಟ್ಟರು. ಆ ಎರಡನೇ ದರ್ಜೆ ಅಳಿದು ಅದು ಪೂರ್ತಿ ಒಳಗೆ ಬಂದದ್ದು 1927ರ ಕಾನೂನಿನಿಂದ.

ಮಣ್ಣು, ಹವಾಮಾನ, ಚರಿತ್ರೆ, ವ್ಯಾಪಾರ — ಪ್ರತಿಯೊಂದೂ ಬೇರೆ ಬೇರೆ ಗಡಿಯನ್ನು ಸೂಚಿಸುತ್ತಿತ್ತು. ಯಾವುದನ್ನು ಆರಿಸಬೇಕು ಎಂಬುದು ರಾಜಕೀಯ ತೀರ್ಮಾನ. ಅದರ ಮೇಲೆ ಸಾವಿರಾರು ಕುಟುಂಬಗಳ ದುಡಿಮೆಯ ಬೆಲೆ ನಿಂತಿತ್ತು. ಆದ್ದರಿಂದ ಯಾವುದೇ ಪ್ರದೇಶದ ಎದುರು ಕೇಳಲೇಬೇಕಾದ ನಾಲ್ಕು ಪ್ರಶ್ನೆಗಳಿವೆ: ಗೆರೆ ಎಳೆದವರು ಯಾರು, ಯಾವ ಉದ್ದೇಶಕ್ಕೆ, ಯಾವ ಆಧಾರದ ಮೇಲೆ, ಗೆರೆಯಾಚೆ ಬಿದ್ದವರಿಗೆ ಏನಾಯಿತು. ‘ಗಡಿ ಬರೀ ಕಲ್ಪನೆ’ ಎಂದು ತಳ್ಳಿಹಾಕುವವರು ನಾಲ್ಕನೆಯದನ್ನು ಮರೆಯುತ್ತಾರೆ, ‘ಗಡಿ ಸಹಜ’ ಎನ್ನುವವರು ಮೊದಲ ಎರಡನ್ನು.

‘ಮಧ್ಯಪ್ರಾಚ್ಯ’, ‘ಆಗ್ನೇಯ ಏಷ್ಯಾ’ — ಈ ಹೆಸರುಗಳು ಎಲ್ಲಿಂದ ಬಂದವು?

ಬಹುಪಾಲು ಹೊರಗಿನವರ ಅಗತ್ಯದಿಂದ. ‘ಮಧ್ಯಪ್ರಾಚ್ಯ’ ಎಂಬ ಹೆಸರನ್ನು ಚಲಾವಣೆಗೆ ತಂದವರಲ್ಲಿ ಮುಖ್ಯರು ಅಮೆರಿಕದ ನೌಕಾಧಿಕಾರಿ ಆಲ್ಫ್ರೆಡ್ ಮಹಾನ್, 1902ರಲ್ಲಿ. ಅವರ ಗಮನವಿದ್ದದ್ದು ಪರ್ಷಿಯನ್ ಕೊಲ್ಲಿಯ ನೌಕಾಬಲದ ಮೇಲೆ. ಪೂರ್ವ ಎಂದರೆ ಯಾರಿಗೆ ಪೂರ್ವ? ಯುರೋಪಿನಲ್ಲಿ ನಿಂತು ನೋಡುವವರಿಗೆ. ‘ಆಗ್ನೇಯ ಏಷ್ಯಾ’ ಎಂಬುದು ಎಲ್ಲರ ಬಾಯಿಗೆ ಬರಲು ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಮಿತ್ರರಾಷ್ಟ್ರಗಳು ಆ ಹೆಸರಿನ ಸೇನಾ ಕಮಾಂಡ್ ಸ್ಥಾಪಿಸಿದ್ದು ದೊಡ್ಡ ಕಾರಣ. ಯುರೋಪ್ ಮತ್ತು ಏಷ್ಯಾದ ನಡುವಿನ ಗಡಿಯಾಗಿ ಉರಾಲ್ ಬೆಟ್ಟಸಾಲು ನೆಲೆಯೂರಿದ್ದು 18ನೇ ಶತಮಾನದಲ್ಲಿ. ಅದಕ್ಕೂ ಮೊದಲು ಬಹುಕಾಲ ಡಾನ್ ನದಿಯನ್ನು ಗಡಿ ಎನ್ನುತ್ತಿದ್ದರು.

ಹೆಸರು ಹೊರಗಿನದು ಎಂದಮಾತ್ರಕ್ಕೆ ಬಳಸಬಾರದೆಂದಲ್ಲ. ಅಲ್ಲಿನ ದೇಶಗಳು ಅದೇ ಹೆಸರಿನಡಿ ಒಕ್ಕೂಟ ಕಟ್ಟಿಕೊಂಡು ಅದನ್ನು ತಮ್ಮದಾಗಿಸಿಕೊಂಡದ್ದೂ ಇದೆ. 1967ರಲ್ಲಿ ಹುಟ್ಟಿದ ಆಸಿಯಾನ್ ಅಂಥದ್ದು.

ಹೊಸ ಪ್ರದೇಶವೊಂದು ಹೇಗೆ ಹುಟ್ಟಿ ಗಟ್ಟಿಯಾಗುತ್ತದೆ?

ಫಿನ್‌ಲೆಂಡಿನ ಆನ್ಸಿ ಪಾಸಿ 1986ರಲ್ಲಿ ಇದಕ್ಕೆ ನಾಲ್ಕು ಹಂತ ಹೇಳಿದರು: ಎಲ್ಲೆ ರೂಪುಗೊಳ್ಳುವುದು, ಹೆಸರು, ಲಾಂಛನ, ಹಾಡು, ನಕ್ಷೆಯಂಥ ಸಂಕೇತಗಳು ಮೂಡುವುದು, ಶಾಲೆ, ಪತ್ರಿಕೆ, ಕಚೇರಿ, ಸಂಘಗಳಂಥ ಸಂಸ್ಥೆಗಳು ಬೆಳೆಯುವುದು, ಕೊನೆಗೆ ಆಡಳಿತದಲ್ಲೂ ಜನರ ಅರಿವಿನಲ್ಲೂ ಅದು ನೆಲೆನಿಲ್ಲುವುದು. ಇವು ಇದೇ ಸರದಿಯಲ್ಲಿ ನಡೆಯಬೇಕೆಂದಿಲ್ಲ, ಒಟ್ಟಿಗೂ ನಡೆಯಬಹುದು.

ಪ್ರಾಯೋಗಿಕವಾಗಿ ಮೂರನೇ ಹಂತವನ್ನು ಹೆಚ್ಚು ಗಮನಿಸಿ. ಸರ್ಕಾರದ ಆದೇಶದಿಂದ ಎಲ್ಲೆ ಒಂದೇ ದಿನದಲ್ಲಿ ಬರುತ್ತದೆ. ಅದನ್ನು ದಿನವೂ ನೆನಪಿಸುವ ಸಂಸ್ಥೆಗಳಿಲ್ಲದಿದ್ದರೆ ಜನರಿಗೆ ಅದು ಅರ್ಜಿ ನಮೂನೆಯ ಮೇಲಿನ ಒಂದು ಪದವಾಗಿಯೇ ಉಳಿಯುತ್ತದೆ. ಸಂಸ್ಥೆಗಳು ಬೇರೂರಿದ್ದರೆ, ಆದೇಶ ರದ್ದಾದ ಮೇಲೂ ಪ್ರದೇಶ ಜನರ ಮಾತಿನಲ್ಲಿ ತಲೆಮಾರುಗಟ್ಟಲೆ ಬದುಕಬಲ್ಲದು.

ಜನರ ಬಾಯಲ್ಲಿ ಮಾತ್ರ ಇರುವ ಪ್ರದೇಶದ ಗಡಿಯನ್ನು ನಕ್ಷೆಗೆ ತರುವುದು ಹೇಗೆ?

ಎರಡು ದಾರಿ ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ಹೆಸರುಗಳ ಎಣಿಕೆ. 1976ರಲ್ಲಿ ಸಮಾಜಶಾಸ್ತ್ರಜ್ಞ ಜಾನ್ ಶೆಲ್ಟನ್ ರೀಡ್ ಅಮೆರಿಕದ ದಕ್ಷಿಣಭಾಗದ ಗಡಿ ಹುಡುಕಲು ಟೆಲಿಫೋನ್ ಡೈರೆಕ್ಟರಿ ತೆಗೆದರು. ‘ಸದರ್ನ್’ ಎಂದು ಶುರುವಾಗುವ ವ್ಯಾಪಾರದ ಹೆಸರುಗಳನ್ನು ‘ಅಮೆರಿಕನ್’ ಎಂದು ಶುರುವಾಗುವ ಹೆಸರುಗಳ ಜೊತೆ ಹೋಲಿಸಿ ಊರೂರಿಗೂ ಅನುಪಾತ ಕಂಡುಕೊಂಡರು. ಹಾಗೆ ಭಾಗಿಸಿದ್ದೇ ಜಾಣತನ. ಇಲ್ಲವಾದರೆ ದೊಡ್ಡ ಊರುಗಳಲ್ಲಿ ಎಲ್ಲ ಹೆಸರುಗಳೂ ಹೆಚ್ಚಾಗಿಯೇ ಕಾಣುತ್ತವೆ. 1980ರಲ್ಲಿ ವಿಲ್ಬರ್ ಜೆಲಿನ್ಸ್ಕಿ ಇದೇ ಬಗೆಯ ಕೆಲಸವನ್ನು ಉತ್ತರ ಅಮೆರಿಕದ ಮಹಾನಗರಗಳಿಗೆ ವಿಸ್ತರಿಸಿದರು.

ಎರಡನೆಯದು ಜನರ ಕೈಯಲ್ಲೇ ಬರೆಸುವುದು. ಹೆಸರು, ಗಡಿಯಿಲ್ಲದ, ನದಿ ಮತ್ತು ಮುಖ್ಯ ರಸ್ತೆ ಮಾತ್ರ ಇರುವ ನಕ್ಷೆ ಕೊಡಿ. ‘ಈ ಪ್ರದೇಶ ಎಲ್ಲಿಂದ ಎಲ್ಲಿಯವರೆಗೆ?’ ಎಂದು ಕೇಳಿ ಒಂದೇ ಗೆರೆಯಲ್ಲಿ ಸುತ್ತುಹಾಕಿಸಿ. ಎಲ್ಲರ ನಕ್ಷೆಗಳನ್ನೂ ಒಂದರ ಮೇಲೊಂದು ಹೊಂದಿಸಿ, ಪ್ರತಿ ಚೌಕವನ್ನು ಎಷ್ಟು ಮಂದಿ ಒಳಗೆ ಸೇರಿಸಿದ್ದಾರೆ ಎಂದು ಎಣಿಸಿ. ಶೇ 75ಕ್ಕಿಂತ ಹೆಚ್ಚು ಮಂದಿ ಒಪ್ಪಿದ ಭಾಗ ತಿರುಳು, ಶೇ 25ರಿಂದ 75ರವರೆಗಿನದು ಅಂಚು ಎಂದು ಇಟ್ಟುಕೊಳ್ಳಬಹುದು. ಈ ಮಿತಿಗಳು ನಿಮ್ಮ ಆಯ್ಕೆ, ಅದನ್ನು ನಕ್ಷೆಯ ಮೇಲೇ ಬರೆಯಿರಿ.

ಕೆಡುವುದೆಲ್ಲಿ? ನಕ್ಷೆಯಲ್ಲಿ ಜಿಲ್ಲೆಗಳ ಗೆರೆ ಮೊದಲೇ ಇದ್ದರೆ ಬಹುತೇಕರು ಅದನ್ನೇ ತಿದ್ದಿಬಿಡುತ್ತಾರೆ. ಸಿಗುವುದು ಸರ್ಕಾರದ ಗಡಿ, ಜನರದ್ದಲ್ಲ. ಒಂದೇ ಕಾಲೇಜಿನ ವಿದ್ಯಾರ್ಥಿಗಳನ್ನೇ ಕೇಳಿದರೆ ಒಂದೇ ವಯಸ್ಸಿನ, ಒಂದೇ ದಿಕ್ಕಿನ ನೋಟ ಸಿಗುತ್ತದೆ. ಹೊರಗಿನವರನ್ನೂ ಕೇಳಿ, ಅವರು ಹೇಳುವ ಗಡಿ ಒಳಗಿನವರದ್ದಕ್ಕಿಂತ ಎಷ್ಟು ಬೇರೆ ಎಂಬುದೇ ಒಂದು ಮಾಹಿತಿ.

ಪ್ರದೇಶದ ಒಳಗೆ ಎಲ್ಲ ಕಡೆಯೂ ಲಕ್ಷಣ ಒಂದೇ ಗಾಢತೆಯಲ್ಲಿರುತ್ತದೆಯೇ?

ಇರುವುದಿಲ್ಲ. ಡೊನಾಲ್ಡ್ ಮೈನಿಗ್ 1965ರಲ್ಲಿ ಅಮೆರಿಕದ ಮಾರ್ಮನ್ ಎಂಬ ಧಾರ್ಮಿಕ ಸಮುದಾಯದ ಪ್ರದೇಶವನ್ನು ಮೂರು ವಲಯಗಳಾಗಿ ತೋರಿಸಿದರು: ಜನಸಾಂದ್ರತೆ ಮತ್ತು ಸಂಸ್ಥೆಗಳು ಕೇಂದ್ರೀಕೃತವಾದ ತಿರುಳು, ಆ ಸಂಸ್ಕೃತಿ ಪ್ರಬಲವಾಗಿದ್ದರೂ ಅಷ್ಟು ದಟ್ಟವಲ್ಲದ ಹರವು, ಅಲ್ಲಲ್ಲಿ ಅಲ್ಪಸಂಖ್ಯಾತರಾಗಿ ಚದುರಿರುವ ಹೊರವಲಯ. ಒಂದೇ ದಪ್ಪ ಗೆರೆಗಿಂತ ಈ ಮೂರು ಛಾಯೆಗಳು ಬಹುತೇಕ ಸಾಂಸ್ಕೃತಿಕ ನಕ್ಷೆಗಳಿಗೆ ಹೆಚ್ಚು ನ್ಯಾಯ ಒದಗಿಸುತ್ತವೆ.

## ಅಳೆಯುವ ಕೆಲಸ

ನಗರದ ನಿಜವಾದ ವ್ಯಾಪ್ತಿ ಪುರಸಭೆಯ ಗಡಿಗಿಂತ ದೊಡ್ಡದು ಅಂತಾರೆ. ಲೆಕ್ಕ ಹಾಕುವುದು ಹೇಗೆ?

ಯುರೋಪಿಯನ್ ಒಕ್ಕೂಟ ಮತ್ತು ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಕಟ್ಟಿಕೊಂಡ ಸಂಘಟನೆ) ಒಟ್ಟಾಗಿ ರೂಪಿಸಿದ ವಿಧಾನದ ಹೆಜ್ಜೆಗಳು ಹೀಗಿವೆ. ಭೂಪಟವನ್ನು 1 ಚದರ ಕಿ.ಮೀ. ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೆ 1,500 ಅಥವಾ ಹೆಚ್ಚು ಜನರಿರುವವನ್ನು ಆರಿಸಬೇಕು. ಅಂಥ ಅಕ್ಕಪಕ್ಕದ ಚೌಕಗಳು ಸೇರಿ ಒಟ್ಟು 50,000 ಜನಸಂಖ್ಯೆಯಾದರೆ ಅದು ನಗರಕೇಂದ್ರ. ಬರೀ ಮೂಲೆ ತಾಗಿದ ಚೌಕ ಪಕ್ಕದ್ದೆಂದು ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ, ಅರ್ಧಕ್ಕಿಂತ ಹೆಚ್ಚು ಜನ ಆ ಕೇಂದ್ರದೊಳಗೇ ಇರುವ ಸ್ಥಳೀಯ ಆಡಳಿತ ಘಟಕಗಳೆಲ್ಲ ಸೇರಿ ‘ನಗರ’. ಉದ್ಯೋಗದಲ್ಲಿರುವವರಲ್ಲಿ ಶೇ 15ರಷ್ಟಾದರೂ ಆ ನಗರಕ್ಕೆ ಕೆಲಸಕ್ಕೆ ಹೋಗುವ ಸುತ್ತಲಿನ ಘಟಕಗಳು ಅದರ ಓಡಾಟದ ವಲಯ. ಸುತ್ತುವರಿದ ತುಂಡುಗಳನ್ನು ಸೇರಿಸಿಕೊಂಡು, ದೂರದಲ್ಲಿ ಒಂಟಿಯಾಗಿ ಉಳಿದವನ್ನು ಬಿಡುತ್ತಾರೆ.

ಬ್ರಿಟನ್ನಿನ ವಿಧಾನ ಬೇರೆ. ಅಲ್ಲಿ ಮೊದಲು ಕೇಂದ್ರ ಹುಡುಕುವುದಿಲ್ಲ. ವಲಯದಲ್ಲಿ ವಾಸಿಸುವ ಕೆಲಸಗಾರರಲ್ಲಿ ಶೇ 75 ಮಂದಿ ಅಲ್ಲೇ ದುಡಿಯಬೇಕು, ಅಲ್ಲಿ ದುಡಿಯುವವರಲ್ಲೂ ಶೇ 75 ಮಂದಿ ಅಲ್ಲಿನವರೇ ಆಗಿರಬೇಕು. ಕನಿಷ್ಠ 3,500 ದುಡಿಯುವವರಿರಬೇಕು. 25,000ಕ್ಕಿಂತ ಹೆಚ್ಚಿದ್ದರೆ ಮಿತಿಯನ್ನು ಶೇ 66.7ಕ್ಕೆ ಇಳಿಸುತ್ತಾರೆ.

ಈ ಎಲ್ಲ ವಿಧಾನಗಳಿಗೂ ಒಂದೇ ದೌರ್ಬಲ್ಯ: ‘ಸರಾಸರಿ ಕೆಲಸಗಾರ’. ಕಡಿಮೆ ಸಂಬಳದವರು, ಅರೆಕಾಲಿಕ ಕೆಲಸದವರು ಸಾಮಾನ್ಯವಾಗಿ ಹೆಚ್ಚು ದೂರ ಹೋಗುವುದಿಲ್ಲ. ಅವರನ್ನಷ್ಟೇ ತೆಗೆದುಕೊಂಡು ಲೆಕ್ಕ ಹಾಕಿದರೆ ಅದೇ ನಾಡು ಹಲವು ಪುಟ್ಟ ವಲಯಗಳಾಗಿ ಒಡೆಯುತ್ತದೆ.

ಎರಡು ನಗರಗಳ ನಡುವೆ ಯಾವುದರ ಪ್ರಭಾವ ಎಲ್ಲಿಯವರೆಗೆ ಎಂದು ಅಂದಾಜಿಸಬಹುದೇ?

ಒರಟು ಅಂದಾಜು ಸಾಧ್ಯ. ವಿಲಿಯಂ ರೈಲಿ 1931ರಲ್ಲಿ ಹೇಳಿದ ಚಿಲ್ಲರೆ ವ್ಯಾಪಾರದ ಆಕರ್ಷಣೆಯ ನಿಯಮದಿಂದ ಹುಟ್ಟಿದ ಸೂತ್ರವಿದು: ಎರಡು ನಗರಗಳ ನಡುವಿನ ದೂರವನ್ನು, ‘ಒಂದು ಕೂಡಿಸು, ಸಣ್ಣ ನಗರದ ಜನಸಂಖ್ಯೆಯನ್ನು ದೊಡ್ಡದರ ಜನಸಂಖ್ಯೆಯಿಂದ ಭಾಗಿಸಿ ಬಂದದ್ದರ ವರ್ಗಮೂಲ’ದಿಂದ ಭಾಗಿಸಿ. ಬರುವುದು ದೊಡ್ಡ ನಗರದಿಂದ ಗಡಿಬಿಂದುವಿಗೆ ಇರುವ ದೂರ. ನಗರಗಳ ಜನಸಂಖ್ಯೆ 4 ಲಕ್ಷ ಮತ್ತು 1 ಲಕ್ಷ, ದೂರ 60 ಕಿ.ಮೀ. ಎನ್ನೋಣ. ಅನುಪಾತ 0.25, ವರ್ಗಮೂಲ 0.5, 60ನ್ನು 1.5ರಿಂದ ಭಾಗಿಸಿದರೆ 40. ದೊಡ್ಡ ನಗರದ ಸೆಳೆತ 40 ಕಿ.ಮೀ.ವರೆಗೆ, ಸಣ್ಣದರದ್ದು 20.

ನಡುವೆ ನದಿ ಇದ್ದು ಸೇತುವೆ ಇಲ್ಲದಿದ್ದರೆ, ದೇಶದ ಗಡಿ ಇದ್ದರೆ ಅಥವಾ ಬಸ್ಸು ಒಂದೇ ಕಡೆಗೆ ಓಡಿದರೆ ಈ ಸೂತ್ರ ಕೈಕೊಡುತ್ತದೆ. ಕಿ.ಮೀ. ಬದಲು ಪ್ರಯಾಣದ ನಿಮಿಷಗಳನ್ನು ಹಾಕಿದರೆ ಫಲಿತಾಂಶ ಎಷ್ಟೋ ಸುಧಾರಿಸುತ್ತದೆ.

ಒಂದು ಉದ್ಯಮ ಒಂದು ಪ್ರದೇಶದ ವಿಶೇಷ ಎಂದು ಅಂಕಿಯಲ್ಲಿ ತೋರಿಸುವುದು ಹೇಗೆ?

ಸ್ಥಾನಿಕ ಲಬ್ಧದಿಂದ, ಅಂದರೆ ಪ್ರದೇಶದ ಪ್ರಮಾಣವನ್ನು ದೇಶದ ಪ್ರಮಾಣದಿಂದ ಭಾಗಿಸಿ. ಪ್ರದೇಶದ ಕೆಲಸಗಾರರಲ್ಲಿ ಶೇ 12 ಮಂದಿ ಜವಳಿಯಲ್ಲಿದ್ದು, ದೇಶದ ಸರಾಸರಿ ಶೇ 4 ಇದ್ದರೆ, ಲಬ್ಧ 3. ಒಂದಕ್ಕಿಂತ ಹೆಚ್ಚಿದ್ದರೆ ಆ ಉದ್ಯಮ ಅಲ್ಲಿ ದೇಶದ ಸರಾಸರಿಗಿಂತ ದಟ್ಟ. ಆದರೆ 200 ಕೆಲಸಗಾರರ ಊರಿನಲ್ಲಿ ಒಂದೇ ಕಾರ್ಖಾನೆ ಇದ್ದರೂ ಲಬ್ಧ ಆಕಾಶಕ್ಕೇರುತ್ತದೆ. ಅದಕ್ಕೇ ಲಬ್ಧದ ಪಕ್ಕದಲ್ಲಿ ಕೆಲಸಗಾರರ ನಿಜವಾದ ಸಂಖ್ಯೆಯನ್ನೂ ಕೊಡದ ಕೋಷ್ಟಕವನ್ನು ನಂಬಬೇಡಿ.

ಒಂದೇ ಅಂಕಿ, ಎರಡು ನಕ್ಷೆ, ಎರಡು ತೀರ್ಮಾನ. ಯಾರೋ ಮೋಸ ಮಾಡಿದ್ದಾರಾ?

ಮೋಸವಿಲ್ಲದೆಯೂ ಹೀಗಾಗುತ್ತದೆ. ಘಟಕಗಳ ಗಾತ್ರ ಬದಲಿಸಿದರೂ, ಗಾತ್ರ ಹಾಗೇ ಇಟ್ಟು ಗೆರೆಗಳನ್ನು ಸರಿಸಿದರೂ ಫಲಿತಾಂಶ ಬದಲಾಗುತ್ತದೆ. 1979ರಲ್ಲಿ ಸ್ಟ್ಯಾನ್ ಓಪನ್‌ಶಾ ಮತ್ತು ಪೀಟರ್ ಟೇಲರ್ ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳನ್ನು ಬೇರೆ ಬೇರೆ ರೀತಿಯಲ್ಲಿ ಗುಂಪುಮಾಡಿ, ವಯಸ್ಸಾದವರ ಪ್ರಮಾಣ ಮತ್ತು ರಿಪಬ್ಲಿಕನ್ ಪಕ್ಷದ ಮತಗಳ ನಡುವಿನ ಸಹಸಂಬಂಧ ನೋಡಿದರು (ಎರಡೂ ಒಟ್ಟಿಗೆ ಏರಿದರೆ ಧನ, ಒಂದು ಏರಿದಾಗ ಇನ್ನೊಂದು ಇಳಿದರೆ ಋಣ). ಗುಂಪುಮಾಡಿದ ರೀತಿಯೊಂದನ್ನೇ ಬದಲಿಸಿ, ಗಟ್ಟಿಯಾದ ಋಣ ಸಂಬಂಧದಿಂದ ಹಿಡಿದು ಹೆಚ್ಚುಕಡಿಮೆ ಪೂರ್ಣ ಧನ ಸಂಬಂಧದವರೆಗೆ ಎಲ್ಲವನ್ನೂ ಪಡೆಯಲು ಸಾಧ್ಯವಾಯಿತು.

ಕಾಗದದ ಮೇಲೆ ನೀವೇ ಮಾಡಿ ನೋಡಿ. 25 ಮತದಾರರು: 15 ನೀಲಿ, 10 ಕೆಂಪು. ಐದೈದು ಮಂದಿಯ ಐದು ಕ್ಷೇತ್ರಗಳು. ಪ್ರತಿ ಕ್ಷೇತ್ರದಲ್ಲಿ 3 ನೀಲಿ, 2 ಕೆಂಪು ಇಟ್ಟರೆ ನೀಲಿಗೆ ಐದಕ್ಕೆ ಐದು. ಈಗ ಒಂದು ಕ್ಷೇತ್ರದಲ್ಲಿ 5 ನೀಲಿ, ಇನ್ನೊಂದರಲ್ಲಿ 4 ನೀಲಿ 1 ಕೆಂಪು, ಉಳಿದ ಮೂರರಲ್ಲಿ ತಲಾ 3 ಕೆಂಪು 2 ನೀಲಿ ಇಡಿ. ಕೆಂಪು 3–2ರಿಂದ ಗೆಲ್ಲುತ್ತದೆ. ಒಬ್ಬ ಮತದಾರನೂ ಮನಸ್ಸು ಬದಲಿಸಿಲ್ಲ. ಇದನ್ನೇ ಬೇಕೆಂದು ಮಾಡಿದರೆ ಅದು ಜೆರ್ರಿಮ್ಯಾಂಡರಿಂಗ್. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿದ್ದ ಎಲ್ಬ್ರಿಡ್ಜ್ ಗೆರಿ ಹೆಸರಿನಿಂದ ಬಂದದ್ದು.

ಪೂರ್ತಿ ಪರಿಹಾರ ಇಲ್ಲ. ಸಿಗುವಷ್ಟು ಸಣ್ಣ ಘಟಕದಿಂದ ಶುರುಮಾಡಿ, ಕನಿಷ್ಠ ಎರಡು ಮೂರು ಬಗೆಯ ಗುಂಪುಗಳಲ್ಲಿ ಲೆಕ್ಕ ಮತ್ತೆ ಹಾಕಿ. ಎಲ್ಲದರಲ್ಲೂ ಉಳಿಯುವ ತೀರ್ಮಾನವನ್ನು ಮಾತ್ರ ಧೈರ್ಯವಾಗಿ ಹೇಳಿ.

ಬಡ ಪ್ರದೇಶದಲ್ಲಿ ವಾಸಿಸುವವರೆಲ್ಲ ಬಡವರು ಎಂದು ಹೇಳಬಹುದೇ?

ಖಂಡಿತ ಬೇಡ. 1950ರಲ್ಲಿ ಡಬ್ಲ್ಯು. ಎಸ್. ರಾಬಿನ್ಸನ್ ಅಮೆರಿಕದ 1930ರ ಜನಗಣತಿಯನ್ನು ಎರಡು ಬಗೆಯಲ್ಲಿ ಲೆಕ್ಕಹಾಕಿದರು. ರಾಜ್ಯಗಳ ಮಟ್ಟದಲ್ಲಿ, ವಿದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ಕಡೆ ಅನಕ್ಷರತೆ ಕಡಿಮೆ: ಸಹಸಂಬಂಧ ಸುಮಾರು −0.53. ವ್ಯಕ್ತಿಗಳ ಮಟ್ಟದಲ್ಲಿ ಚಿಹ್ನೆಯೇ ಉಲ್ಟಾ: ಸುಮಾರು +0.12. ವಲಸಿಗರಲ್ಲಿ ಅನಕ್ಷರತೆ ತುಸು ಹೆಚ್ಚೇ ಇತ್ತು. ಆದರೆ ಅವರು ನೆಲೆಸಿದ್ದು ಓದುಬರಹ ಹೆಚ್ಚಿದ್ದ ರಾಜ್ಯಗಳಲ್ಲಿ. ಪ್ರದೇಶದ ಸರಾಸರಿಯನ್ನು ವ್ಯಕ್ತಿಯ ತಲೆಗೆ ಕಟ್ಟಿದರೆ ನೀತಿಯೂ ದಾರಿತಪ್ಪುತ್ತದೆ: ಬಡ ಪ್ರದೇಶಕ್ಕೆ ಹೋದ ನೆರವು ಅಲ್ಲಿನ ಉಳ್ಳವರಿಗೆ ಸಿಕ್ಕಬಹುದು, ಸಿರಿವಂತ ಪ್ರದೇಶದ ಬಡವರು ಲೆಕ್ಕಕ್ಕೇ ಬರದೆ ಉಳಿಯಬಹುದು.

ಒಂದೇ ಊರು ಎಲ್ಲರಿಗೂ ಒಂದೇ ಗಾತ್ರದ್ದಲ್ಲವೇ?

ಅಲ್ಲ. ಸ್ವೀಡನ್ನಿನ ಟಾರ್ಸ್ಟೆನ್ ಹೇಗರ್‌ಸ್ಟ್ರಾಂಡ್ 1970ರಲ್ಲಿ ಜನರ ಓಡಾಟಕ್ಕಿರುವ ಮೂರು ಕಟ್ಟುಗಳನ್ನು ಹೆಸರಿಸಿದರು: ದೇಹ ಮತ್ತು ಸಾರಿಗೆಯ ಶಕ್ತಿಯ ಮಿತಿ, ಇನ್ನೊಬ್ಬರ ಜೊತೆ ಒಂದೇ ಹೊತ್ತಿಗೆ ಒಂದೇ ಕಡೆ ಇರಬೇಕಾದ ಮಿತಿ, ನಿಯಮ ಮತ್ತು ಅಧಿಕಾರದ ಮಿತಿ. ಲೆಕ್ಕ ಸುಲಭ. ಒಂದು ಗಂಟೆಯ ಬಿಡುವು, ಕೆಲಸಕ್ಕೆ 30 ನಿಮಿಷ ಬೇಕು. ಹೋಗಲು 15, ಬರಲು 15. ಗಂಟೆಗೆ 5 ಕಿ.ಮೀ. ನಡೆಯುವವರ ಊರಿನ ತ್ರಿಜ್ಯ 1.25 ಕಿ.ಮೀ.; ಗಂಟೆಗೆ 15 ಕಿ.ಮೀ. ಸೈಕಲ್ ತುಳಿಯುವವರದ್ದು 3.75 ಕಿ.ಮೀ. ವಿಸ್ತೀರ್ಣದಲ್ಲಿ ಒಂಬತ್ತು ಪಟ್ಟು ವ್ಯತ್ಯಾಸ. ಮಗುವನ್ನು ನಿಗದಿತ ಹೊತ್ತಿಗೆ ಶಾಲೆಯಿಂದ ಕರೆತರಬೇಕಾದವರಿಗೆ ಆ ವೃತ್ತ ಇನ್ನೂ ಕಿರಿದು. ಕಚೇರಿ ‘ಹತ್ತಿರದಲ್ಲೇ ಇದೆ’ ಎನ್ನುವ ಮೊದಲು ಯಾರಿಗೆ, ಎಷ್ಟು ಹೊತ್ತಿಗೆ ಎಂದು ಕೇಳಿ.

## ವಾದಗಳು

ನೆಲ, ಹವಾಮಾನವೇ ಜನರ ಬದುಕನ್ನು ನಿರ್ಧರಿಸುತ್ತದೆ ಎಂಬುದು ಈಗಲೂ ಒಪ್ಪಿತವೇ?

ಇಲ್ಲ. ಅಂಥ ನಿಯತಿವಾದಕ್ಕೆ 20ನೇ ಶತಮಾನದ ಆರಂಭದಲ್ಲಿ ಬಲವಿತ್ತು. ‘ಬಿಸಿಲು ನಾಡಿನವರು ಸೋಮಾರಿಗಳು’ ಎಂಬಂಥ ಮಾತಿಗೂ, ಆ ಮೂಲಕ ವಸಾಹತು ಆಳ್ವಿಕೆಗೂ ಅದು ವಿದ್ಯೆಯ ವೇಷ ತೊಡಿಸಿತು. ಫ್ರಾನ್ಸಿನ ವಿಡಾಲ್ ದ ಲಾ ಬ್ಲಾಶ್ ಬೇರೆ ದಾರಿ ಹಿಡಿದರು: ಪರಿಸರ ಹಲವು ಸಾಧ್ಯತೆಗಳನ್ನು ಒಡ್ಡುತ್ತದೆ, ಜನ ತಮ್ಮ ಜೀವನಕ್ರಮದ ಮೂಲಕ ಅವುಗಳಲ್ಲಿ ಆರಿಸಿಕೊಳ್ಳುತ್ತಾರೆ. ಈ ನೋಟಕ್ಕೆ ‘ಸಾಧ್ಯತಾವಾದ’ ಎಂಬ ಹೆಸರು ಕೊಟ್ಟವರು ಲೂಸಿಯೆನ್ ಫೆಬ್ವ್ರ್, 1922ರಲ್ಲಿ. ಹಾಗೆಂದು ನೀರು, ಇಳಿಜಾರು, ಮಣ್ಣನ್ನು ಮರೆಯಬಾರದು. ಬರದಿಂದ ಯಾರು ಹಾಳಾಗುತ್ತಾರೆ ಎಂಬುದು ಮಳೆಯ ಜೊತೆಗೆ ನೀರಿನ ಹಕ್ಕಿನ ಮೇಲೂ ನಿಂತಿದೆ.

ಪ್ರತಿ ಪ್ರದೇಶವೂ ವಿಶಿಷ್ಟ ಎಂದಮೇಲೆ ನಿಯಮ ಹುಡುಕುವುದರಲ್ಲಿ ಏನರ್ಥ?

ಇದು ಹಳೆಯ ಜಗಳ. 1939ರಲ್ಲಿ ರಿಚರ್ಡ್ ಹಾರ್ಟ್‌ಶಾರ್ನ್, ಭೂಗೋಳಶಾಸ್ತ್ರದ ಕೆಲಸ ಪ್ರದೇಶ ಪ್ರದೇಶದ ನಡುವಿನ ಭಿನ್ನತೆಯನ್ನು ವಿವರಿಸುವುದು ಎಂದರು. 1953ರಲ್ಲಿ ಫ್ರೆಡ್ ಶೇಫರ್ ಇದನ್ನು ಖಂಡಿಸಿ, ಹರಡಿಕೆಯ ನಿಯಮಗಳನ್ನು ಹುಡುಕಬೇಕು ಎಂದು ವಾದಿಸಿದರು. ಅವರು ಮೆಚ್ಚಿದ ಮಾದರಿ ವಾಲ್ಟರ್ ಕ್ರಿಸ್ಟಾಲರ್ ಅವರದ್ದು: 1933ರಲ್ಲಿ ದಕ್ಷಿಣ ಜರ್ಮನಿಯ ಊರುಗಳನ್ನು ನೋಡಿ, ಸಮತಟ್ಟಾದ ನೆಲದಲ್ಲಿ ಮಾರುಕಟ್ಟೆ ಪಟ್ಟಣಗಳ ವಲಯಗಳು ಷಟ್ಕೋನಗಳಾಗಿ ಹೊಂದಿಕೊಳ್ಳುತ್ತವೆ ಎಂದು ತೋರಿಸಿದ್ದು.

ನಮಗೆ ಹೆಚ್ಚು ಉಪಯುಕ್ತವೆನಿಸುವುದು ಡೊರೀನ್ ಮ್ಯಾಸಿ 1984ರಲ್ಲಿ ಕೊಟ್ಟ ದಾರಿ. ಬಂಡವಾಳ ಹೂಡಿಕೆಯ ಒಂದೊಂದು ಅಲೆಯೂ ಪ್ರದೇಶದ ಮೇಲೆ ಒಂದೊಂದು ಪದರ ಬಿಡುತ್ತದೆ. ಹೊಸ ಪದರ ಬರುವಾಗ ಹಳೆಯದು ಅಡಿಯಲ್ಲಿರುತ್ತದೆ: ಕಲ್ಲಿದ್ದಲ ಗಣಿ ಮುಚ್ಚಿದ ಕಣಿವೆಗೆ ಬಂದ ಕಾರ್ಖಾನೆ, ಹಿಂದೆ ಹೊರಗೆ ದುಡಿಯದಿದ್ದ ಹೆಂಗಸರನ್ನು ಕಡಿಮೆ ಕೂಲಿಗೆ ಹುಡುಕಿಕೊಂಡು ಬಂದಿರಬಹುದು. ಕಾರ್ಖಾನೆಯನ್ನು ಅಲ್ಲಿಗೆ ತಂದ ಪ್ರಕ್ರಿಯೆ ಸಾಮಾನ್ಯವಾದದ್ದು. ಹಳೆಯ ಪದರದೊಡನೆ ಅದು ಬೆರೆತು ಕೊಡುವ ಫಲ ಆ ಕಣಿವೆಗೆ ಮಾತ್ರ ವಿಶಿಷ್ಟ. ನಿಯಮವೂ ಉಳಿಯಿತು, ವೈಶಿಷ್ಟ್ಯವೂ ಉಳಿಯಿತು.

ಎಲ್ಲ ಊರುಗಳೂ ಒಂದೇ ತರಹ ಕಾಣುತ್ತಿವೆ. ಸ್ಥಳ ಎಂಬುದೇ ಅಳಿಯುತ್ತಿದೆಯೇ?

ಎಡ್ವರ್ಡ್ ರೆಲ್ಫ್ 1976ರಲ್ಲೇ ಈ ಆತಂಕವನ್ನು ಎತ್ತಿದರು: ಒಂದೇ ಅಚ್ಚಿನ ಕಟ್ಟಡ, ಒಂದೇ ಅಚ್ಚಿನ ರಸ್ತೆ, ಎಲ್ಲಿದ್ದೇವೆಂದು ತಿಳಿಯದ ಸ್ಥಿತಿ. 1992ರಲ್ಲಿ ಮಾನವಶಾಸ್ತ್ರಜ್ಞ ಮಾರ್ಕ್ ಓಜೆ ವಿಮಾನ ನಿಲ್ದಾಣ, ಹೆದ್ದಾರಿಯಂಥವನ್ನು ಸ್ಥಳವಲ್ಲದ ಸ್ಥಳಗಳೆಂದರು. ಈ ಕಳವಳದಲ್ಲಿ ಹುರುಳಿದೆ. ಆದರೂ ವಿಮಾನ ನಿಲ್ದಾಣವನ್ನು ರಾತ್ರಿಪಾಳಿಯಲ್ಲಿ ಗುಡಿಸುವವರಿಗೆ ಅದು ಸ್ಥಳವೇ. ಯಾವ ಮೂಲೆಯಲ್ಲಿ ಐದು ನಿಮಿಷ ಕೂರಬಹುದೆಂದು ಅವರಿಗೆ ಗೊತ್ತು.

1991ರಲ್ಲಿ ಮ್ಯಾಸಿ ಪ್ರಶ್ನೆಯನ್ನೇ ತಿರುಗಿಸಿದರು. ಲಂಡನ್ನಿನ ಕಿಲ್ಬರ್ನ್ ರಸ್ತೆಯನ್ನು ನೋಡಿ: ಐರಿಷ್ ಗೋಡೆಬರಹ, ಸೀರೆ ಅಂಗಡಿ, ಮೇಲೆ ವಿಮಾನಗಳ ಸಾಲು. ಹೊರಗಿನ ನಂಟುಗಳೇ ಅದರ ಗುಣ. ಅವು ಸೇರುವ ಬಗೆ ಅಲ್ಲಿಗೆ ಮಾತ್ರ ಸೇರಿದ್ದು. ಮಾತಿಗೆ ಮ್ಯಾಸಿ ಇನ್ನೊಂದನ್ನೂ ಸೇರಿಸಿದರು: ಈ ಹರಿವುಗಳ ಮೇಲೆ ಎಲ್ಲರಿಗೂ ಒಂದೇ ಹಿಡಿತವಿಲ್ಲ. ಕೆಲವರು ಓಡಾಟವನ್ನು ನಡೆಸುತ್ತಾರೆ, ಕೆಲವರಿಗೆ ಓಡಬೇಕಾಗಿ ಬರುತ್ತದೆ, ಕೆಲವರು ಇದ್ದಲ್ಲೇ ಸಿಕ್ಕಿಬೀಳುತ್ತಾರೆ.

ಒಂದು ಸ್ಥಳಕ್ಕೆ ‘ಸೇರಿದವರು’ ಯಾರು, ‘ಸೇರದವರು’ ಯಾರು ಎಂದು ತೀರ್ಮಾನಿಸುವವರು ಯಾರು?

ಸಾಮಾನ್ಯವಾಗಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾರೋ ಮೀರಿದಾಗ ಗೊತ್ತಾಗುತ್ತದೆ. ಟಿಮ್ ಕ್ರೆಸ್ವೆಲ್ 1996ರಲ್ಲಿ ಇದನ್ನೇ ಅಧ್ಯಯನದ ಸಾಧನವಾಗಿಸಿದರು. ಇಂಗ್ಲೆಂಡಿನ ಗ್ರೀನ್‌ಹಮ್ ಕಾಮನ್ ವಾಯುನೆಲೆಯ ಬಳಿ ಅಣ್ವಸ್ತ್ರ ಕ್ಷಿಪಣಿಗಳ ವಿರುದ್ಧ 1981ರಿಂದ ಮಹಿಳೆಯರು ಬಿಡಾರ ಹೂಡಿದಾಗ, ಅವರನ್ನು ಕೊಳಕರು, ಮನೆಬಿಟ್ಟವರು ಎಂದು ಜರೆಯಲಾಯಿತು. ಆ ಜರಿತದಿಂದಲೇ ‘ಹೆಂಗಸಿನ ಸ್ಥಳ ಮನೆ’ ಎಂಬ ಹೇಳದ ನಿಯಮ ಹೊರಬಿತ್ತು. ‘ಮನೆ’ಯನ್ನೇ ಸ್ಥಳದ ಆದರ್ಶವಾಗಿ ಇಟ್ಟುಕೊಂಡ ಬರಹಗಳನ್ನು ಜಿಲಿಯನ್ ರೋಸ್ 1993ರಲ್ಲಿ ಪ್ರಶ್ನಿಸಿದರು: ಮನೆ ಅನೇಕ ಹೆಂಗಸರಿಗೆ ದುಡಿಮೆಯ, ಕೆಲವೊಮ್ಮೆ ಹಿಂಸೆಯ ಜಾಗ.

ನಿಯಮ ಬರಹದಲ್ಲೂ ಇರಬಹುದು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ನಿಗಮ ನಗರಗಳ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿತು. ಕರಿಯರು ವಾಸಿಸುತ್ತಿದ್ದ ಬಡಾವಣೆಗಳಿಗೆ ಬಹುತೇಕ ಕೆಂಪು, ಅಂದರೆ ಸಾಲಕ್ಕೆ ಅಪಾಯದ ಜಾಗ. ಆ ನಕ್ಷೆಗಳೇ ತಾರತಮ್ಯಕ್ಕೆ ಕಾರಣವಾದವೋ, ಮೊದಲೇ ಇದ್ದುದನ್ನು ದಾಖಲಿಸಿದವೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ.

ನಾನೇ ಒಂದು ಪ್ರದೇಶವನ್ನು ಅಧ್ಯಯನ ಮಾಡಬೇಕು. ಎಲ್ಲಿಂದ ಶುರುಮಾಡಲಿ?

ಪ್ರಶ್ನೆಯಿಂದ, ನಕ್ಷೆಯಿಂದಲ್ಲ. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ‘ಎಲ್ಲಿ’ ಮತ್ತು ‘ಏಕೆ ಅಲ್ಲಿ’ ಎರಡೂ ಇರಲಿ. ಪ್ರದೇಶ ಯಾವ ಬಗೆಯದೆಂದು ತೀರ್ಮಾನಿಸಿ. ಹರಿವಿನ ಪ್ರಶ್ನೆಗೆ ಏಕರೂಪದ ನಕ್ಷೆ ಬಳಸುವುದು ಹೊಸಬರು ಪದೇ ಪದೇ ಮಾಡುವ ತಪ್ಪು.

ನಂತರ ಕಾಲದಲ್ಲಿ ಹಿಂದಕ್ಕೆ ಹೋಗಿ. ಕನಿಷ್ಠ ಎರಡು ಜನಗಣತಿ ವರ್ಷಗಳನ್ನು ತೆಗೆದುಕೊಳ್ಳಿ, ಆದರೆ ನಡುವೆ ಘಟಕಗಳ ಗಡಿ ಬದಲಾಗಿದೆಯೇ ಎಂದು ಮೊದಲು ಪರೀಕ್ಷಿಸಿ. ‘ಜನಸಂಖ್ಯೆ ಶೇ 40 ಏರಿತು’ ಎಂಬ ಎಷ್ಟೋ ಸುದ್ದಿಗಳು ಪಕ್ಕದ ಹಳ್ಳಿಗಳನ್ನು ಸೇರಿಸಿಕೊಂಡದ್ದರ ಫಲ. ಬಣ್ಣ ತುಂಬುವ ನಕ್ಷೆಗೆ ಒಟ್ಟು ಸಂಖ್ಯೆ ಬೇಡ, ದರ ಅಥವಾ ಸಾಂದ್ರತೆ ಹಾಕಿ. ಒಟ್ಟು ಸಂಖ್ಯೆ ತೋರಿಸಲೇಬೇಕಿದ್ದರೆ ಗಾತ್ರಕ್ಕೆ ತಕ್ಕ ವೃತ್ತಗಳನ್ನು ಬಳಸಿ.

ಕ್ಷೇತ್ರಕ್ಕೆ ಹೋಗುವಾಗ ಪ್ರದೇಶದ ನಡುವನ್ನಷ್ಟೇ ನೋಡಿ ಬರಬೇಡಿ. ಗಡಿಯ ಎರಡೂ ಬದಿಯಲ್ಲಿ ಕೂತು ಮಾತಾಡಿಸಿ. ಬೆಳಗ್ಗೆ, ಸಂಜೆ, ರಜೆಯ ದಿನ ಬೇರೆ ಬೇರೆಯಾಗಿ ಹೋಗಿ, ಏಕೆಂದರೆ ರಸ್ತೆಗಳು ಕೂಡುವ ಒಂದೇ ವೃತ್ತ ಬೆಳಗ್ಗೆ ಕೂಲಿಯವರದ್ದು, ಸಂಜೆ ವ್ಯಾಪಾರಿಗಳದ್ದು. ವಯಸ್ಸು, ಲಿಂಗ, ಬಂದು ನೆಲೆಸಿದ ವರ್ಷ ಈ ಮೂರರಲ್ಲಿ ಬೇರೆಯಾದವರನ್ನು ಹುಡುಕಿ. ಅಂಕಿ ಒಂದು ಹೇಳಿ ಜನ ಇನ್ನೊಂದು ಹೇಳಿದರೆ ಯಾವುದನ್ನೂ ಅಳಿಸಬೇಡಿ; ಆ ಅಂತರವಿರುವ ಜಾಗಗಳನ್ನು ಪ್ರತ್ಯೇಕ ನಕ್ಷೆಯಲ್ಲಿ ಗುರುತಿಸಿ, ಮುಂದಿನ ಸುತ್ತನ್ನು ಅಲ್ಲಿಂದಲೇ ಆರಂಭಿಸಿ. ಪ್ರತಿ ನಕ್ಷೆಯ ಕೆಳಗೆ ಅಂಕಿಯ ವರ್ಷ, ಘಟಕ, ಬಣ್ಣಗಳ ಮಿತಿಯನ್ನು ಆರಿಸಿದ ಕಾರಣ ಇವಿಷ್ಟನ್ನೂ ಬರೆಯಿರಿ. ಆ ಸಾಲುಗಳಿದ್ದರೆ ಬೇರೆಯವರು ಅದೇ ನಕ್ಷೆಯನ್ನು ಮತ್ತೆ ಮಾಡಿ ನಿಮ್ಮ ತೀರ್ಮಾನವನ್ನು ಪರೀಕ್ಷಿಸಬಹುದು.